ಹಳೆ ಕಾರಿನ ಬ್ಲೋವರ್ ನಿಂತರೆ: ಹೊಸ ಮೋಟರ್ ಕೊಳ್ಳುವ ಮುಂಚೆ ಏನೇನು ನೋಡಬೇಕು

ಜುಲೈ ತಿಂಗಳ ಒಂದು ಸಂಜೆ. ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಚಾರ್ಮಾಡಿ ಘಾಟಿ ಇಳಿಯಲು ಶುರು ಮಾಡಿದ್ದೆವು. ನಾಲ್ಕೈದು ತಿರುವು ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡಿನೊಳಗಿನ ಬ್ಲೋವರಿನ, ಅಂದರೆ ಗಾಳಿ ಊದುವ ಫ್ಯಾನಿನ, ಸದ್ದು ಒಮ್ಮೆಲೇ ನಿಂತಿತು. ಸ್ವಲ್ಪ ಹೊತ್ತಿಗೇ ಎದುರಿನ ಗಾಜು ಹಾಲು ಬಳಿದ ಹಾಗೆ ಬೆಳ್ಳಗಾಯಿತು. ಹೊರಗೆ ಮಳೆ, ಒಳಗೆ ಮಂಜು. ಅಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಗಾಜು ಒರೆಸುತ್ತಲೇ ಬಂದರು. ಉಜಿರೆ ತಲುಪುವ ಹೊತ್ತಿಗೆ ಅವರ ಸೆರಗು ಪೂರ್ತಿ ಒದ್ದೆ.

ಮಾರನೇ ದಿನ ಒಂದು ಗ್ಯಾರೇಜಿನಲ್ಲಿ ಹೊಸ ಮೋಟರ್ ಹಾಕಿಸಿದೆ. ಮೂರು ವಾರ ಚೆನ್ನಾಗಿ ತಿರುಗಿತು, ಆಮೇಲೆ ಮತ್ತೆ ನಿಂತಿತು. ಈ ಸಲ ನಾನೇ ಗ್ಲೋವ್ ಬಾಕ್ಸ್ ಬಿಚ್ಚಿ ನೋಡಿದೆ. ಮೋಟರಿಗೆ ತಂತಿ ಜೋಡಿಸುವ ಪ್ಲಗ್ಗಿನ, ಅಂದರೆ ಕಪ್ಲರಿನ, ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಪಿನ್ ಕಪ್ಪಾಗಿ ಸಡಿಲವಾಗಿತ್ತು. ಹಳೆ ಮೋಟರ್ ಇನ್ನೂ ಡಿಕ್ಕಿಯಲ್ಲೇ ಇತ್ತು. ಅದನ್ನು ಬ್ಯಾಟರಿಗೆ ನೇರವಾಗಿ ಕೊಟ್ಟು ನೋಡಿದರೆ ಸೊಗಸಾಗಿ ತಿರುಗಿತು. ಅಂದರೆ ಮೋಟರ್ ಕೆಟ್ಟೇ ಇರಲಿಲ್ಲ.

ಅವತ್ತಿನಿಂದ ಬ್ಲೋವರ್ ತೊಂದರೆ ಅಂತ ಯಾರು ಹೇಳಿದರೂ ಮೊದಲು ಕೇಳುವುದು, "ನಿಮಗೆ ಏನು ಕಾಣಿಸ್ತು, ಏನು ಕೇಳಿಸ್ತು?" ಅಂತ. ಮೋಟರ್ ಬೇಕಾ ಬೇಡವಾ ಅನ್ನುವುದು ಅದರಿಂದಲೇ ಅರ್ಧ ಗೊತ್ತಾಗುತ್ತದೆ. ಇಲ್ಲಿ ಬರೆದಿರುವುದು ಮಾರುತಿ 800, ಝೆನ್, ಹಳೆ ಆಲ್ಟೋ, ಹಳೆ ಸ್ಯಾಂಟ್ರೋ ತರಹದ ಗಾಡಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿತು, ಆದರೂ ಊರೂರಲ್ಲಿ ಇವತ್ತಿಗೂ ಓಡುತ್ತಿದೆ. ಇಂಥ ಗಾಡಿಗಳಲ್ಲಿ ಸ್ಪೀಡು ಬದಲಾಯಿಸಲು ತಿರುಗಿಸುವ ಅಥವಾ ಎಳೆಯುವ ಸ್ವಿಚ್ಚು ಇರುತ್ತದೆ. ತಾಪಮಾನ ತಾನೇ ನೋಡಿಕೊಳ್ಳುವ ಆಟೋಮ್ಯಾಟಿಕ್ ಏಸಿಯ ದಾರಿ ಬೇರೆ.

ಇನ್ನೊಂದು ಮಾತು. ಘಾಟಿಯಲ್ಲಿ ಬ್ಲೋವರ್ ಕೈಕೊಟ್ಟರೆ ಏಸಿ ಆಫ್ ಮಾಡಿ. ಗಾಳಿಯ ಲಿವರನ್ನು ಒಳಗಾಳಿಯಿಂದ ಹೊರಗಾಳಿಗೆ ತಳ್ಳಿ, ದಿಕ್ಕನ್ನು ಗಾಜಿನ ಕಡೆಗೆ ಇಡಿ. ಎರಡೂ ಕಡೆಯ ಕಿಟಕಿ ಎರಡು ಬೆರಳಷ್ಟು ಇಳಿಸಿ. ಗಾಡಿ ಓಡುವ ವೇಗಕ್ಕೇ ಸ್ವಲ್ಪ ಗಾಳಿ ಒಳಗೆ ಬರುತ್ತದೆ. ಆದರೂ ರಸ್ತೆ ಕಾಣದಿದ್ದರೆ ಜಾಗ ನೋಡಿ ಬದಿಗೆ ನಿಲ್ಲಿಸಿ, ಮಂಜು ತಿಳಿಯಾಗುವ ತನಕ ಕಾಯಿರಿ.

ಕೈ ಹಾಕುವ ಮುಂಚೆ

ಬ್ಲೋವರ್ ಇರುವುದು ಎಡಗಡೆ ಸೀಟಿನವರ ಕಾಲಿನ ಮುಂದೆ, ಗ್ಲೋವ್ ಬಾಕ್ಸಿನ ಹಿಂದೆ. ಅಲ್ಲಿ ಏನನ್ನೇ ಬಿಚ್ಚುವ ಮೊದಲು ಕೀ ತೆಗೆದು, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ. ಸಾಮಾನ್ಯವಾಗಿ 10ನೇ ನಂಬರ್ ಸ್ಪ್ಯಾನರ್ ಸಾಕು. ಮ್ಯೂಸಿಕ್ ಸಿಸ್ಟಮ್‌ಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ. ಕರೆಂಟ್ ಇರಬೇಕಾದ ಪರೀಕ್ಷೆಗಳಿಗೆ ಮಾತ್ರ ಮತ್ತೆ ಜೋಡಿಸಿ.

ನಿಮ್ಮ ಗಾಡಿಯಲ್ಲಿ ಎಡಗಡೆ ಏರ್‌ಬ್ಯಾಗ್ ಇದ್ದರೆ ಬ್ಯಾಟರಿ ಬಿಚ್ಚಿದ ಮೇಲೂ 10 ನಿಮಿಷ ಸುಮ್ನೆ ಕಾಯಿರಿ. ಹಳದಿ ಬಣ್ಣದ ಕಪ್ಲರ್‌ಗಳು ಏರ್‌ಬ್ಯಾಗಿನವು. ಅವುಗಳನ್ನು ಮುಟ್ಟಬೇಡಿ, ಮೀಟರ್ ಅಂತೂ ಹಚ್ಚಲೇಬೇಡಿ.

ಅಲ್ಲೇ ಹತ್ತಿರ ಏಸಿಯ ಅಲ್ಯುಮಿನಿಯಂ ಪೈಪು ಮತ್ತು ಹೀಟರಿನ ರಬ್ಬರ್ ಪೈಪು ಇರುತ್ತವೆ. ಒಂದರಲ್ಲಿ ಒತ್ತಡದ ಗ್ಯಾಸು, ಇನ್ನೊಂದರಲ್ಲಿ ಎಂಜಿನ್ನಿನ ಕುದಿಯುವ ನೀರು. ಎರಡನ್ನೂ ಬಿಚ್ಚುವ ಕೆಲಸ ಇಲ್ಲಿ ಇಲ್ಲ. ಗ್ಯಾಸು ಚಿಮ್ಮಿ ಕಣ್ಣಿಗೆ ಬಿದ್ದರೆ ಹಿಮಗಟ್ಟಿಸುವಷ್ಟು ತಣ್ಣಗಿರುತ್ತದೆ.

ಇಲಿ ಗೂಡು ಕಟ್ಟಿದ ಗುರುತು ಕಂಡರೆ ಕೈಗೆ ಗ್ಲೌಸು, ಮೂಗಿಗೆ ಮಾಸ್ಕು ಹಾಕಿಕೊಳ್ಳಿ. ಕರಾವಳಿ, ಮಲೆನಾಡಿನವರಿಗೆ ಇಲಿ ಜ್ವರದ ಬಗ್ಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ? ಇಲಿಯ ಮೂತ್ರ ಬಿದ್ದ ಕಸ ಕೈಯ ಗಾಯಕ್ಕೆ ತಾಗಿದರೂ ಅದು ಬರಬಹುದು. ಕಸವನ್ನು ಒಣಗಿದ ಹಾಗೇ ಗುಡಿಸಬೇಡಿ. ಮೊದಲು ಬ್ಲೀಚಿಂಗ್ ಪುಡಿ ಕದಡಿದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಲ್ಲಿ ಬಾಚಿ ತೆಗೆಯಿರಿ. ಆ ನೀರು ವೈರಿಂಗ್ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

ಯಾವ ಸ್ಪೀಡಿನಲ್ಲೂ ತಿರುಗುತ್ತಿಲ್ಲ, ಸದ್ದೇ ಇಲ್ಲ

ಮೊದಲು ಫ್ಯೂಸ್. ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ, ಬಲಗಡೆ ಪೆಟ್ಟಿಗೆಯಲ್ಲಿ ಇರುತ್ತದೆ. ಮುಚ್ಚಳದ ಮೇಲೆ ಹೀಟರ್ ಅಂತಲೋ ಬ್ಲೋವರ್ ಅಂತಲೋ ಬರೆದಿರುತ್ತದೆ, ಅಥವಾ ಫ್ಯಾನಿನ ಚಿತ್ರ ಇರುತ್ತದೆ. ಕಿತ್ತು ಬೆಳಕಿಗೆ ಹಿಡಿದು ನೋಡಿ. ಕಣ್ಣಿಗೆ ಸರಿಯಾಗಿ ಕಂಡರೂ ಒಳಗೆ ಕೂದಲೆಳೆ ಬಿರುಕು ಇರಬಹುದು. ಅದಕ್ಕೆ ಫ್ಯೂಸನ್ನು ಮತ್ತೆ ಸಿಕ್ಕಿಸಿ, ಕೀ ಆನ್ ಮಾಡಿ, ಫ್ಯೂಸಿನ ತಲೆಯ ಮೇಲಿರುವ ಎರಡು ಲೋಹದ ಚುಕ್ಕೆಗೂ ಟೆಸ್ಟ್ ಲ್ಯಾಂಪ್ (ಒಂದು ತುದಿ ಬಾಡಿಗೆ ಕಚ್ಚಿಸುವ ಚಿಕ್ಕ ಬಲ್ಬು) ಮುಟ್ಟಿಸಿ. ಎರಡು ಕಡೆಯೂ ಬಲ್ಬು ಹತ್ತಬೇಕು. ಒಂದೇ ಕಡೆ ಹತ್ತಿದರೆ ಫ್ಯೂಸ್ ಹೋಗಿದೆ. ಎರಡು ಕಡೆಯೂ ಹತ್ತದಿದ್ದರೆ ಫ್ಯೂಸಿಗೇ ಕರೆಂಟ್ ಬರುತ್ತಿಲ್ಲ. ಆಗ ಮೇನ್ ಫ್ಯೂಸ್, ಕೀ ಸ್ವಿಚ್ಚು ನೋಡಬೇಕು.

ಹೊಸದು ಹಾಕುವಾಗ ಅದೇ ಆಂಪಿಯರಿನದು ಹಾಕಿ. ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30. ಹಳದಿ ಇದ್ದ ಕಡೆ ಹಸಿರು ಹಾಕಿದರೆ ಫ್ಯೂಸ್ ಉಳಿಯಬಹುದು, ಆದರೆ ತಂತಿ ಸುಡುತ್ತದೆ. ಹಾಕಿದ ತಕ್ಷಣ ಮತ್ತೆ ಹೋದರೆ ಮೂರನೆಯದು ಹಾಕಬೇಡಿ. ಕೆಳಗೆ ಸುಟ್ಟ ವಾಸನೆಯ ಭಾಗಕ್ಕೆ ಹೋಗಿ.

ಫ್ಯೂಸ್ ಸರಿ ಇದೆಯಾ? ಹಾಗಾದರೆ ಸ್ವಿಚ್ಚನ್ನು ಕೊನೆಯ ಸ್ಪೀಡಿಗೆ ಇಟ್ಟು, ಎಡಗಡೆ ಕಾಲಿಡುವ ಜಾಗದಲ್ಲಿ ಬಗ್ಗಿ, ಮೋಟರಿನ ತಳಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ಎರಡು ಏಟು ಮೆಲ್ಲಗೆ ಬಡಿಯಿರಿ. ತಿರುಗಲು ಶುರುವಾದರೆ ತೊಂದರೆ ಬಹುತೇಕ ಮೋಟರಿನೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ಶಿನದು. ಬಡಿಯುವುದರ ಬದಲು ಕಪ್ಲರ್ ಅಲ್ಲಾಡಿಸಿದಾಗ ತಿರುಗಿದರೆ ತೊಂದರೆ ಪಿನ್ನಿನದು. ಈ ಎರಡನ್ನೂ ಬೇರೆ ಬೇರೆಯಾಗಿ ಮಾಡಿ. ಒಟ್ಟಿಗೆ ಮಾಡಿದರೆ ಯಾವುದರಿಂದ ತಿರುಗಿತು ಅಂತ ಗೊತ್ತಾಗುವುದಿಲ್ಲ.

ಎರಡಕ್ಕೂ ಬಗ್ಗದಿದ್ದರೆ ಮಲ್ಟಿಮೀಟರ್ (ವೋಲ್ಟೇಜು, ಓಮ್ ಅಳೆಯುವ ಮೀಟರ್) ಬೇಕು. ಸಾಧಾರಣದ್ದು ಸಾಕು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಹೆಚ್ಚಿನವರು ಎಡವುವುದು ಇಲ್ಲೇ.

ಕಪ್ಲರ್ ಕಿತ್ತು, ಖಾಲಿ ಪಿನ್ನುಗಳಿಗೆ ಮೀಟರ್ ಇಟ್ಟರೆ 12 ವೋಲ್ಟ್ ತೋರಿಸುತ್ತದೆ. "ಕರೆಂಟ್ ಬರ್ತಾ ಇದೆ, ಮೋಟರೇ ಹೋಗಿದೆ" ಅಂತ ತೀರ್ಮಾನ ಆಗಿಬಿಡುತ್ತದೆ. ಆದರೆ ತಂತಿಯ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ಅಂತಲೇ ತೋರಿಸುತ್ತದೆ. ಮೀಟರಿಗೆ ಬೇಕಾದ ಕರೆಂಟ್ ಅಷ್ಟು ಕಡಿಮೆ. ಮೋಟರ್ ಹತ್ತು ಹನ್ನೆರಡು ಆಂಪಿಯರ್ ಎಳೆಯಲು ಹೋದಾಗಲೇ ಆ ಎಳೆಯ ಬಂಡವಾಳ ಬಯಲಾಗುವುದು. ನನ್ನ ಗಾಡಿಯಲ್ಲಿ ಕಪ್ಲರ್ ಕಿತ್ತಾಗ 12.3 ಇತ್ತು. ಸಿಕ್ಕಿಸಿದ ಕೂಡಲೇ 7ಕ್ಕೆ ಇಳಿಯಿತು. ಉಳಿದದ್ದನ್ನು ಕರಕಲಾದ ಪಿನ್ ನುಂಗುತ್ತಿತ್ತು.

ಹಾಗಾಗಿ ಕಪ್ಲರ್ ಸಿಕ್ಕಿಸಿಯೇ ಇರಲಿ. ಕೀ ಆನ್, ಸ್ವಿಚ್ಚು ಕೊನೆಯ ಸ್ಪೀಡು. ಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟಿಗೆ ಒತ್ತಿ ಹಿಡಿಯಿರಿ. ಕೆಂಪು ಕಡ್ಡಿಯನ್ನು ಕಪ್ಲರಿನ ಹಿಂಬದಿಯಿಂದ, ತಂತಿ ಒಳಹೋಗುವ ಕಡೆಯಿಂದ, ಎರಡೂ ಪಿನ್ನಿಗೆ ಒಂದಾದ ಮೇಲೆ ಒಂದು ಮುಟ್ಟಿಸಿ.

ಒಂದು ಪಿನ್ನಿನಲ್ಲಿ 12, ಇನ್ನೊಂದರಲ್ಲಿ ಸೊನ್ನೆಯ ಹತ್ತಿರ ಬಂದು ಮೋಟರ್ ತಿರುಗದಿದ್ದರೆ ಕರೆಂಟೂ ಇದೆ, ಅರ್ತೂ (ಕರೆಂಟ್ ಬಾಡಿಗೆ ವಾಪಸ್ ಹೋಗುವ ದಾರಿ) ಇದೆ. ಮೋಟರ್ ಹೋಗಿದೆ. ಪಿನ್ನು ಕಪ್ಪಾಗಿಲ್ಲ, ಸಡಿಲ ಇಲ್ಲ ಅಂತ ನೋಡಿಕೊಂಡಿದ್ದರೆ ಇನ್ನು ಅನುಮಾನ ಬೇಡ.

ಎರಡರಲ್ಲೂ 12 ಬಂದರೆ ಕರೆಂಟ್ ಮೋಟರನ್ನು ದಾಟಿ ಆಚೆ ಬಂದು ದಾರಿ ಕಾಣದೆ ನಿಂತಿದೆ. ಮೋಟರಿನೊಳಗಿನ ದಾರಿ ಕಡಿದಿಲ್ಲ. ಅರ್ತ್ ಕಡೆ ಎಲ್ಲೋ ಕಡಿದಿದೆ. ಜಪಾನಿ ವಿನ್ಯಾಸದ ಹಲವು ಗಾಡಿಗಳಲ್ಲಿ ಸ್ಪೀಡಿನ ಸ್ವಿಚ್ಚೂ, ಸ್ಪೀಡು ಕಡಿಮೆ ಮಾಡುವ ರೆಸಿಸ್ಟರೂ ಇರುವುದು ಈ ಅರ್ತ್ ಕಡೆಯಲ್ಲೇ. ಸ್ವಿಚ್ಚಿನ ಹಿಂದಿನ ಕಪ್ಲರ್, ಅಲ್ಲಿಂದ ಬಾಡಿಗೆ ಹೋಗುವ ಕಪ್ಪು ತಂತಿ, ಅದರ ಬೋಲ್ಟಿನ ಕೆಳಗೆ ಕೂತ ತುಕ್ಕು, ಇವನ್ನು ನೋಡಿ.

ಎರಡರಲ್ಲೂ ಸೊನ್ನೆ ಬಂದರೆ ಕರೆಂಟೇ ಇಲ್ಲಿಯವರೆಗೆ ಬಂದಿಲ್ಲ. ಫ್ಯೂಸಿನಿಂದ ಇಲ್ಲಿಗೆ ಬರುವ ದಾರಿಯಲ್ಲಿ ರಿಲೇ (ಕರೆಂಟಿನಿಂದ ಆನ್ ಆಫ್ ಆಗುವ ಸ್ವಿಚ್ಚು) ಇದ್ದರೆ ಅದನ್ನು ನೋಡಿ. ಅದೇ ನಂಬರಿನ ಇನ್ನೊಂದು ರಿಲೇ ಗಾಡಿಯಲ್ಲೇ ಇದ್ದರೆ ಅದಲುಬದಲು ಮಾಡಿ ನೋಡುವುದು ಖರ್ಚಿಲ್ಲದ ಪರೀಕ್ಷೆ.

ಮೋಟರ್ ತಿರುಗುತ್ತಿದೆ ಆದರೆ ಸೋತ ಹಾಗೆ ಅನ್ನಿಸಿದರೂ ಇದೇ ಅಳತೆ ಮಾಡಿ. ಕೊನೆಯ ಸ್ಪೀಡಿನಲ್ಲಿ ಎರಡೂ ಪಿನ್ನಿನ ನಡುವಿನ ವೋಲ್ಟೇಜು ಬ್ಯಾಟರಿಯದ್ದಕ್ಕಿಂತ ಒಂದು ವೋಲ್ಟಿಗಿಂತ ಜಾಸ್ತಿ ಕಡಿಮೆ ಇರಬಾರದು. ಒಂದು ವೋಲ್ಟು ಅಂದರೆ ಏನು ಮಹಾ ಅನ್ನಿಸಬಹುದು. 12 ಆಂಪಿಯರ್ ಹರಿಯುವಾಗ ಒಂದೇ ಪಿನ್ನಿನಲ್ಲಿ ಒಂದು ವೋಲ್ಟ್ ಸೋರಿದರೆ ಅಲ್ಲಿ 12 ವಾಟ್ ಶಾಖ ಹುಟ್ಟುತ್ತದೆ. ಹುರುಳಿ ಕಾಳಿನಷ್ಟು ಜಾಗದಲ್ಲಿ ಅಷ್ಟು ಶಾಖ ಬಿದ್ದರೆ ಪ್ಲಾಸ್ಟಿಕ್ ಕರಗದೆ ಇನ್ನೇನು ಮಾಡುತ್ತದೆ.

ಕೊನೆಯ ಸ್ಪೀಡು ಮಾತ್ರ ಬರುತ್ತದೆ

ಇದಕ್ಕೆ ಮೋಟರ್ ಬದಲಾಯಿಸಬೇಡಿ. ಮೋಟರ್ ಕೆಟ್ಟಿದ್ದರೆ ಕೊನೆಯ ಸ್ಪೀಡೂ ಬರುತ್ತಿರಲಿಲ್ಲ. ಇದು ರೆಸಿಸ್ಟರ್. ಕಡಿಮೆ ಸ್ಪೀಡುಗಳಿಗೆಲ್ಲ ಕರೆಂಟ್ ಈ ರೆಸಿಸ್ಟರಿನ ಸುರುಳಿಗಳ ಮೂಲಕ ಹೋಗುತ್ತದೆ. ಕೊನೆಯದಕ್ಕೆ ಮಾತ್ರ ಅದನ್ನು ಬಿಟ್ಟು ನೇರ ಹೋಗುತ್ತದೆ.

ರೆಸಿಸ್ಟರ್ ಬ್ಲೋವರ್ ಪೆಟ್ಟಿಗೆಗೇ ಒಂದೆರಡು ಸ್ಕ್ರೂಗಳಿಂದ ಕೂತಿರುತ್ತದೆ, ಸುರುಳಿಗಳು ಗಾಳಿಯ ದಾರಿಯೊಳಗೆ ಚಾಚಿಕೊಂಡಿರುತ್ತವೆ. 2 ಓಮಿನ ಸುರುಳಿಯಲ್ಲಿ 4 ಆಂಪಿಯರ್ ಹರಿದರೆ 32 ವಾಟ್ ಶಾಖ. ಮನೆಯಲ್ಲಿ ಬಳಸುವ 25 ವಾಟಿನ ಸೋಲ್ಡರಿಂಗ್ ಐರನ್‌ಗಿಂತ ಜಾಸ್ತಿ. ಅದನ್ನು ತಣ್ಣಗಿಡುವುದು ಬ್ಲೋವರಿನದೇ ಗಾಳಿ. ಗಾಳಿ ಕಡಿಮೆಯಾದರೆ ಸುರುಳಿ ಕಾಯುತ್ತದೆ, ಅದರ ಜೊತೆಗಿರುವ ಚಿಕ್ಕ ಥರ್ಮಲ್ ಫ್ಯೂಸ್ ಕರಗಿ ದಾರಿ ಕಡಿಯುತ್ತದೆ. ಅದನ್ನು ಇಟ್ಟಿರುವುದೇ ಬೆಂಕಿ ಆಗದಿರಲಿ ಅಂತ. ಥರ್ಮಲ್ ಫ್ಯೂಸ್ ಜಾಗಕ್ಕೆ ತುಂಡು ತಂತಿ ಬೆಸುಗೆ ಹಾಕಿ "ರಿಪೇರಿ" ಮಾಡಿದ್ದನ್ನು ನಾನು ಎರಡು ಗಾಡಿಯಲ್ಲಿ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಲು ಬಿಡಲೂಬೇಡಿ. ಅದರ ಸುತ್ತ ಇರುವುದು ಪ್ಲಾಸ್ಟಿಕ್ಕು, ಒಣಗಿದ ಎಲೆ, ಧೂಳು.

ಬಿಚ್ಚಿ ಮೀಟರನ್ನು ಓಮಿನಲ್ಲಿ ಇಟ್ಟು ಪಿನ್ನಿಂದ ಪಿನ್ನಿಗೆ ನೋಡಿ. ಒಂದೆರಡು ಓಮ್ ಆಸುಪಾಸು ಬರಬೇಕು. ದಾರಿಯೇ ಇಲ್ಲ ಅಂತ ತೋರಿಸಿದರೆ ಹೊಸದು ಬೇಕು.

ಆದರೆ ಅದು ಯಾಕೆ ಸುಟ್ಟಿತು? ಹಳೆಯದಾಗಿ ಹೋಗಿರಬಹುದು. ಮೋಟರಿನ ಬುಶ್ (ಶಾಫ್ಟು ತಿರುಗುವ ಬಳೆ) ಬಿಗಿಯಾಗಿ, ಅದು ಜಾಸ್ತಿ ಕರೆಂಟ್ ಎಳೆಯುತ್ತಿರಲೂಬಹುದು. ಎರಡನೆಯದಾದರೆ ಹೊಸ ರೆಸಿಸ್ಟರೂ ಕೆಲವೇ ವಾರದಲ್ಲಿ ಹೋಗುತ್ತದೆ. ಬ್ಲೋವರಿನ ಗಾಳಿಚಕ್ರವನ್ನು ಬೆರಳಲ್ಲಿ ತಿರುಗಿಸಿ ಬಿಡಿ. ನಾಲ್ಕಾರು ಸುತ್ತು ತಾನೇ ಹೋಗಿ ನಿಧಾನ ನಿಲ್ಲಬೇಕು. ಬಿಟ್ಟ ಕೂಡಲೇ ನಿಂತರೆ ಮೋಟರೂ ಬದಲಾಗಬೇಕು. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇರುವ ಎಲೆಕ್ಟ್ರಿಷಿಯನ್ ಸಿಕ್ಕರೆ ಇನ್ನೂ ಒಳ್ಳೆಯದು. ಕೊನೆಯ ಸ್ಪೀಡಿನಲ್ಲಿ ಮೋಟರ್ ಎಳೆಯುವ ಕರೆಂಟ್ ಫ್ಯೂಸಿನ ಆಂಪಿಯರಿಗೆ ಹತ್ತಿರ ಬಂದಿದ್ದರೆ ಅದು ದಣಿದಿದೆ ಅಂತಲೇ ಅರ್ಥ.

ಇದರ ಉಲ್ಟಾ, ಅಂದರೆ ಎಲ್ಲ ಸ್ಪೀಡು ಬಂದು ಕೊನೆಯದು ಮಾತ್ರ ಬರದಿದ್ದರೆ, ಸ್ವಿಚ್ಚಿನ ಆ ಒಂದು ಕಾಂಟ್ಯಾಕ್ಟು ಅಥವಾ ಕೊನೆಯ ಸ್ಪೀಡಿಗೆಂದೇ ಇರುವ ರಿಲೇ ನೋಡಿ.

ಒಮ್ಮೆ ತಿರುಗುತ್ತದೆ, ಒಮ್ಮೆ ಇಲ್ಲ. ರಸ್ತೆ ಗುಂಡಿಗೆ ಬಿದ್ದರೆ ಶುರುವಾಗುತ್ತದೆ

ಬ್ರಶ್ ಸವೆದ ಮೋಟರಿನ ಲಕ್ಷಣ ಇದು. ಬ್ರಶ್ಶಿನ ಹಿಂದಿನ ಸ್ಪ್ರಿಂಗು ಅದನ್ನು ಆರ್ಮೇಚರಿಗೆ, ಅಂದರೆ ಮೋಟರಿನ ತಿರುಗುವ ಭಾಗಕ್ಕೆ, ಒತ್ತಿ ಹಿಡಿಯಬೇಕು. ಬ್ರಶ್ ತುಂಡಾದಷ್ಟೂ ಒತ್ತಡ ಕಡಿಮೆ. ಕುಲುಕಿದಾಗ ಒಮ್ಮೆ ತಾಗುತ್ತದೆ, ಮತ್ತೆ ಬಿಡುತ್ತದೆ. ಬಡಿದು ಓಡಿಸುತ್ತಾ ಕೆಲವು ದಿನ ಕಳೆಯಬಹುದು. ಮಳೆಗಾಲದಲ್ಲಿ ಹಾಗೆ ಕಳೆಯಬೇಡಿ.

ಹಳೆ ಆಟೋ ಎಲೆಕ್ಟ್ರಿಷಿಯನ್‌ಗಳು ಬ್ರಶ್ ಮಾತ್ರ ಬದಲಾಯಿಸಿಕೊಡುತ್ತಾರೆ. ಶಾಫ್ಟನ್ನು ಅತ್ತಿತ್ತ ಅಲ್ಲಾಡಿಸಿದಾಗ ಆಟ ಇಲ್ಲದಿದ್ದರೆ, ಬ್ರಶ್ ಉಜ್ಜುವ ತಾಮ್ರದ ಪಟ್ಟಿಗಳಲ್ಲಿ ಆಳವಾದ ಗೆರೆ ಬಿದ್ದಿಲ್ಲದಿದ್ದರೆ ಹಾಗೆ ಮಾಡಿಸಿ, ತಪ್ಪಿಲ್ಲ. ಆಟ ಇದ್ದರೆ ಹೊಸ ಮೋಟರೇ ಸರಿ. ಸಡಿಲ ಶಾಫ್ಟಿಗೆ ಹೊಸ ಬ್ರಶ್ ಹಾಕಿದರೆ ಅದೂ ಓರೆಯಾಗಿ ಸವೆಯುತ್ತದೆ.

ಸದ್ದು ಬರುತ್ತಿದೆ

ಟಕ ಟಕ ಅಂತ ಸದ್ದು, ಸ್ಪೀಡು ಏರಿಸಿದರೆ ಅದೂ ಜೋರು: ಗಾಳಿಚಕ್ರಕ್ಕೆ ಏನೋ ತಾಗುತ್ತಿದೆ. ಹೊಂಗೆ, ಬೇವಿನ ಮರದ ಕೆಳಗೆ ನಿಲ್ಲಿಸುವ ಗಾಡಿಯಲ್ಲಿ ಎಲೆ, ಕಡ್ಡಿ ಇದ್ದೇ ಇರುತ್ತದೆ. ವೈಪರ್ ಕೆಳಗಿನ ಜಾಲರಿಯಿಂದ ಒಳಗೆ ಬೀಳುತ್ತದೆ. ನನ್ನ ಭಾವನ ಝೆನ್ ಗಾಡಿಯ ಬ್ಲೋವರ್ ಇಳಿಸಿದಾಗ ಒಳಗೆ ಅಡಿಕೆ ಸಿಪ್ಪೆಯ ನಾರು, ಸೀಟಿನ ಸ್ಪಂಜು, ಅಕ್ಕಿ ಚೀಲದ ದಾರ ಎಲ್ಲ ಸೇರಿಸಿ ನೇಯ್ದ ಗೂಡೊಂದು ಅಂಗೈಯಗಲ ಇತ್ತು. ತೆಗೆದ ಮೇಲೆ ಅದೇ ಮೋಟರ್ ಸದ್ದಿಲ್ಲದೆ ಓಡಿತು. ಜಾಲರಿಯ ಹರಿದ ಜಾಗಕ್ಕೆ ಸಣ್ಣ ಕಣ್ಣಿನ ತಂತಿ ಬಲೆ ಕತ್ತರಿಸಿ ಕೂರಿಸಿದೆವು.

ಬೆಳಗ್ಗೆ ಚಳಿಯಲ್ಲಿ ಕೀಂ ಅಂತ ಕೂಗಿ ಆಮೇಲೆ ಸುಮ್ಮನಾದರೆ ಬುಶ್ ಒಣಗಿದೆ. ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಶಾಫ್ಟಿನ ಬುಡಕ್ಕೆ ಬಿಟ್ಟರೆ ಕೆಲವು ತಿಂಗಳು ಬರಬಹುದು. ಸ್ಪ್ರೇ ಎಣ್ಣೆ ಹೊಡೆಯಬೇಡಿ. ಬುಶ್ಶಿನೊಳಗೆ ಉಳಿದ ಎಣ್ಣೆಯನ್ನೂ ಅದು ತೊಳೆದುಬಿಡುತ್ತದೆ. ಬ್ರಶ್ಶಿನಲ್ಲಿ ಕಿಡಿ ಹಾರುವ ಜಾಗಕ್ಕೆ ಹೊತ್ತಿಕೊಳ್ಳುವ ಸ್ಪ್ರೇ ಹೊಡೆಯುವುದು ಅಪಾಯ ಬೇರೆ.

ಡ್ಯಾಶ್‌ಬೋರ್ಡೇ ನಡುಗಿದರೆ ಚಕ್ರದ ರೆಕ್ಕೆ ಮುರಿದಿದೆ, ಅಥವಾ ಒಂದು ಕಡೆ ಮಣ್ಣು ಮೆತ್ತಿಕೊಂಡು ತೂಕ ತಪ್ಪಿದೆ. ರೆಕ್ಕೆಗೆ ಸಿಕ್ಕಿಸಿರುವ ಚಿಕ್ಕ ತಗಡಿನ ಕ್ಲಿಪ್ಪು ಕಂಡರೆ ಕಸ ಅಂತ ಕೀಳಬೇಡಿ. ತೂಕ ಸರಿದೂಗಿಸಲು ಅದನ್ನು ಕಾರ್ಖಾನೆಯಲ್ಲೇ ಹಾಕಿರುತ್ತಾರೆ.

ಮಳೆ ಬಂದ ಮೇಲೆ ನೀರು ಕಲಕಿದ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ವೈಪರ್ ಕೆಳಗಿನ ತೊಟ್ಟಿಯಿಂದ ನೀರು ಹೊರಹೋಗುವ ತೂತಿಗೆ ಎಲೆ ಕಟ್ಟಿಕೊಂಡು, ನೀರು ಬ್ಲೋವರಿಗೆ ಇಳಿದಿದೆ. ಆ ತೂತು ಬಿಡಿಸದೆ ಹೊಸ ಮೋಟರ್ ಹಾಕಿದರೆ ಮುಂದಿನ ಮಳೆಗಾಲಕ್ಕೆ ಅದೂ ತುಕ್ಕು ಹಿಡಿಯುತ್ತದೆ. ಎಡಗಡೆ ಕಾಲಿನ ಮ್ಯಾಟು ಏಸಿ ಹಾಕಿದಾಗ ಮಾತ್ರ ಒದ್ದೆಯಾದರೆ ಅದು ಬೇರೆ: ಏಸಿ ನೀರು ಹೊರಬೀಳುವ ಪೈಪು ಕಟ್ಟಿದೆ.

ಮೋಟರ್ ತಿರುಗುತ್ತದೆ, ಗಾಳಿ ಸಾಲದು

ಕಿವಿ ಕೊಟ್ಟು ಕೇಳಿ. ಸದ್ದು ಜೋರಾಗಿದ್ದು ಗಾಳಿ ಕಡಿಮೆ ಇದ್ದರೆ ದಾರಿ ಕಟ್ಟಿದೆ. ಸದ್ದೂ ಕಡಿಮೆ, ಗಾಳಿಯೂ ಕಡಿಮೆ ಇದ್ದರೆ ಮೋಟರಿಗೆ ಕರೆಂಟ್ ಸಾಲುತ್ತಿಲ್ಲ ಅಥವಾ ಅದೇ ದಣಿದಿದೆ. ಮೇಲೆ ಹೇಳಿದ ವೋಲ್ಟೇಜು ನೋಡಿ.

ದಾರಿ ಕಟ್ಟಿದ್ದರೆ ಮೊದಲು ಕ್ಯಾಬಿನ್ ಫಿಲ್ಟರ್. ಎಷ್ಟೋ ಹಳೆ ಚಿಕ್ಕ ಗಾಡಿಗಳಿಗೆ ಫಿಲ್ಟರೇ ಇಲ್ಲ. ಆಗ ಆ ಧೂಳೆಲ್ಲ ಗಾಳಿ ತಣ್ಣಗೆ ಮಾಡುವ ಕೂಲಿಂಗ್ ಕಾಯಿಲಿನ ಮುಖಕ್ಕೆ ಬಂದು ಕಂಬಳಿಯ ಹಾಗೆ ಕೂರುತ್ತದೆ. ಬ್ಲೋವರ್ ಇಳಿಸಿದಾಗ ಟಾರ್ಚು ಬಿಟ್ಟು ನೋಡಿದರೆ ಕಾಣುತ್ತದೆ. ಮೆತ್ತನೆಯ ಬ್ರಶ್ಶಿನಿಂದ ತಗಡಿನ ಗೆರೆಯ ದಿಕ್ಕಿನಲ್ಲೇ ಮೆಲ್ಲಗೆ ತೆಗೆಯಿರಿ. ಪ್ರೆಶರ್ ನೀರು ಬೇಡ, ತೆಳು ತಗಡುಗಳು ಮಡಚಿಕೊಳ್ಳುತ್ತವೆ.

ಅರ್ಧ ಮುಕ್ಕಾಲು ಗಂಟೆ ಓಡಿದ ಮೇಲೆ ಗಾಳಿ ಕಡಿಮೆಯಾಗಿ, ಏಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಬರುತ್ತದೆಯಾ? ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಅದು ಏಸಿಯ ಥರ್ಮೋಸ್ಟಾಟಿನ, ಗ್ಯಾಸಿನ ಅಥವಾ ಕಟ್ಟಿದ ಕಾಯಿಲಿನ ತೊಂದರೆ. ಬ್ಲೋವರ್ ಮೋಟರಿಗೂ ಅದಕ್ಕೂ ಸಂಬಂಧ ಇಲ್ಲ. ಎದುರಿಗೆ ಗಾಳಿ ಬಾರದೆ ಕಾಲಿಗೆ ಮಾತ್ರ ಬಂದರೆ ದಿಕ್ಕು ಬದಲಿಸುವ ಕೇಬಲ್ ಕಳಚಿದೆ. ಗಾಳಿ ಚೆನ್ನಾಗಿದ್ದು ಬಿಸಿ ಅಥವಾ ತಂಪು ಮಾತ್ರ ಇಲ್ಲ ಅಂದರೂ ಬ್ಲೋವರ್ ಬಿಟ್ಟುಬಿಡಿ.

ಸುಟ್ಟ ವಾಸನೆ, ಪದೇ ಪದೇ ಫ್ಯೂಸ್ ಹೋಗುವುದು

ಇಲ್ಲಿ ಪರೀಕ್ಷೆ ಆಮೇಲೆ. ವಾಸನೆ ಬಂದ ಕೂಡಲೇ ಬ್ಲೋವರ್ ಆಫ್ ಮಾಡಿ, ಗಾಡಿ ಬದಿಗೆ ನಿಲ್ಲಿಸಿ, ಕೀ ತೆಗೆಯಿರಿ. ಹೊಗೆ ಕಂಡರೆ ಎಲ್ಲರೂ ಇಳಿದು ದೂರ ನಿಲ್ಲಿ. ಕೈಗೆ ಸಿಗುವ ಹಾಗಿದ್ದರೆ ಮಾತ್ರ ಬ್ಯಾಟರಿ ಬಿಚ್ಚಿ. ಹೊಗೆ ನಿಂತಿತು ಅಂತ ಮತ್ತೆ ಆನ್ ಮಾಡಿ ನೋಡಬೇಡಿ.

ಗಾಡಿ ತಣ್ಣಗಾದ ಮೇಲೆ, ಬ್ಯಾಟರಿ ಬಿಚ್ಚಿ, ಮೂರು ಜಾಗ ನೋಡಿ: ಮೋಟರ್ ಕಪ್ಲರ್, ರೆಸಿಸ್ಟರ್ ಕಪ್ಲರ್, ಸ್ವಿಚ್ಚಿನ ಹಿಂಬದಿ. ಬಣ್ಣ ಬದಲಾದ, ಕರಗಿದ ಜಾಗ ಎಲ್ಲಿದೆಯೋ ಅಲ್ಲೇ ಶಾಖ ಹುಟ್ಟಿದೆ. ಮೋಟರಿನ ಕಪ್ಲರ್ ಕಿತ್ತ ಮೇಲೂ ಹೊಸ ಫ್ಯೂಸ್ ಹೋದರೆ ತಂತಿ ಎಲ್ಲೋ ಬಾಡಿಗೆ ತಾಗಿದೆ. ಹೆಚ್ಚಾಗಿ ಇಲಿ ಕಡಿದಿರುತ್ತದೆ. ಕಪ್ಲರ್ ಕಿತ್ತಾಗ ಫ್ಯೂಸ್ ಉಳಿದು, ಸಿಕ್ಕಿಸಿದಾಗ ಹೋದರೆ ಮೋಟರ್ ಬಿಗಿದಿದೆ ಅಥವಾ ಒಳಗೆ ಶಾರ್ಟ್ ಆಗಿದೆ.

ಡ್ಯಾಶ್‌ಬೋರ್ಡಿನೊಳಗೆ ದೊಡ್ಡ ವೈರಿಂಗ್ ಕಟ್ಟು ಕರಗಿ ಒಂದಕ್ಕೊಂದು ಅಂಟಿದ್ದರೆ ಅಲ್ಲಿಗೆ ನಿಲ್ಲಿಸಿ, ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಕೂಲಿಂಗ್ ಕಾಯಿಲ್ ಇಳಿಸದೆ ಬ್ಲೋವರ್ ಬರುವುದಿಲ್ಲ ಅನ್ನುವ ಗಾಡಿಯಾದರೂ ಅಷ್ಟೇ. ಗ್ಯಾಸ್ ತೆಗೆದು ತುಂಬಿಸುವ ಯಂತ್ರ ಇರುವ ಏಸಿಯವರಿಗೇ ಕೊಡಿ. ಸಿಹಿ ವಾಸನೆ ಬಂದು ಗಾಜಿಗೆ ಜಿಡ್ಡು ಮಂಜು ಹಿಡಿಯುತ್ತಿದ್ದರೆ ಹೀಟರ್ ಕೋರ್ (ಎಂಜಿನ್ನಿನ ಬಿಸಿ ನೀರು ಹರಿಯುವ ಭಾಗ) ಸೋರುತ್ತಿದೆ. ಮೊದಲು ಕೂಲೆಂಟ್ ಮಟ್ಟ ನೋಡಿ. ಅದು ಕಡಿಮೆಯಾಗುತ್ತಿದ್ದರೆ ಎಂಜಿನ್ನಿಗೇ ಅಪಾಯ.

ಮೋಟರೇ ಹೋಗಿದೆ ಅಂತ ಖಾತ್ರಿಯಾದ ಮೇಲೆ

ಬಿಚ್ಚುವುದು ಹೆದರಿದಷ್ಟು ಕಷ್ಟ ಇಲ್ಲ. ಗ್ಲೋವ್ ಬಾಕ್ಸ್ ತೆಗೆಯಿರಿ, ಎರಡು ಬದಿ ಒಳಕ್ಕೆ ಒತ್ತಿದರೆ ಅಥವಾ ನಾಲ್ಕಾರು ಸ್ಕ್ರೂ ತೆಗೆದರೆ ಬರುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಕಪ್ಲರನ್ನು ಅದರ ಲಾಕ್ ಒತ್ತಿ ಎಳೆಯಿರಿ, ತಂತಿ ಹಿಡಿದು ಎಳೆಯಬೇಡಿ. ಮೋಟರಿಗೆ ಗಾಳಿ ಹೋಗುವ ಚಿಕ್ಕ ರಬ್ಬರ್ ಪೈಪು ಇದ್ದರೆ ಅದನ್ನೂ ಕಳಚಿ. ಹಲವು ಗಾಡಿಗಳಲ್ಲಿ ಮೋಟರ್ ಮೂರು ಸ್ಕ್ರೂಗಳಲ್ಲಿ ಕೂತಿರುತ್ತದೆ. ತೆಗೆದರೆ ಚಕ್ರದ ಸಮೇತ ಕೆಳಗೆ ಇಳಿಯುತ್ತದೆ, ಕೈ ಕೊಟ್ಟು ಹಿಡಿಯಿರಿ. ಜಾಗ ಸಾಲದ ಗಾಡಿಗಳಲ್ಲಿ ಇಡೀ ಬ್ಲೋವರ್ ಪೆಟ್ಟಿಗೆಯನ್ನೇ ಇಳಿಸಬೇಕಾಗುತ್ತದೆ.

ಇಳಿಸಿದ ಮೇಲೆ ಕೊನೆಯದಾಗಿ ಒಮ್ಮೆ ಬ್ಯಾಟರಿಗೆ ನೇರ ಕೊಟ್ಟು ನೋಡಿ. ಪ್ಲಸ್ ತಂತಿಯಲ್ಲಿ 20 ಆಂಪಿಯರ್ ಫ್ಯೂಸ್ ಇರಲಿ. ಮೋಟರನ್ನು ಕಾಲಲ್ಲಿ ಒತ್ತಿ ಹಿಡಿಯಬೇಡಿ, ಬಟ್ಟೆ ಸುತ್ತಿ ಗಟ್ಟಿಯಾಗಿ ಒಂದು ಕಡೆ ಇಡಿ. ಶುರುವಾದಾಗ ಅದು ಎಗರುತ್ತದೆ. ಕೂದಲು, ವೇಲು ಚಕ್ರದಿಂದ ದೂರ ಇರಲಿ.

ಅಂಗಡಿಗೆ ಹಳೆ ಮೋಟರನ್ನೇ ತೆಗೆದುಕೊಂಡು ಹೋಗಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಹಳೆ ಸಾಮಾನಿಗೆ ಶಿವಾಜಿನಗರದ ಗುಜರಿ ಇದೆ. ಎಲ್ಲಿ ಕೊಂಡರೂ ಪಕ್ಕಪಕ್ಕ ಇಟ್ಟು ಹೋಲಿಸಿ: ಶಾಫ್ಟಿನ ದಪ್ಪ, ಉದ್ದ, ಸ್ಕ್ರೂ ತೂತುಗಳ ಅಂತರ, ಕಪ್ಲರಿನ ಆಕಾರ, ತಿರುಗುವ ದಿಕ್ಕು. ದಿಕ್ಕು ಬಹಳ ಮುಖ್ಯ. ಚಕ್ರದ ರೆಕ್ಕೆಗಳು ಒಂದು ಕಡೆಗೆ ಬಾಗಿರುತ್ತವೆ. ಉಲ್ಟಾ ತಿರುಗಿದರೂ ಗಾಳಿ ಅದೇ ದಾರಿಯಲ್ಲಿ ಬರುತ್ತದೆ, ಆದರೆ ಬಡಕಲು ಗಾಳಿ. ಹಾಗಾಗಿ ಎಷ್ಟೋ ಜನಕ್ಕೆ ತಪ್ಪು ಗೊತ್ತೇ ಆಗುವುದಿಲ್ಲ. ಗುಜರಿ ಮೋಟರ್ ಆದರೆ ಅಂಗಡಿಯಲ್ಲೇ ಓಡಿಸಿ ನೋಡಿ, ಶಾಫ್ಟ್ ಅಲ್ಲಾಡಿಸಿ, ಮೂಗಿಗೆ ಹಿಡಿದು ಸುಟ್ಟ ವಾಸನೆ ಇದೆಯಾ ನೋಡಿ.

ಹಳೆ ಚಕ್ರವನ್ನೇ ಹೊಸ ಮೋಟರಿಗೆ ಹಾಕುವುದಾದರೆ ತೆಗೆಯುವ ಮುಂಚೆ ಶಾಫ್ಟಿನ ಮೇಲೆ ಅದು ಎಷ್ಟು ಆಳಕ್ಕೆ ಕೂತಿತ್ತು ಅಂತ ಗುರುತು ಮಾಡಿಕೊಳ್ಳಿ. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಪೆಟ್ಟಿಗೆಗೆ ಉಜ್ಜುತ್ತದೆ. ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ, ಬುಶ್ ಹಾಳಾಗುತ್ತದೆ.

ಪೆಟ್ಟಿಗೆಯೊಳಗಿನ ಕಸ ಪೂರ್ತಿ ತೆಗೆದು, ತಿರುಗುವ ಜಾಗ ಒರೆಸಿ, ಮೋಟರ್ ಕೂರಿಸಿ. ಕಪ್ಲರ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಾಯಿಸಿ. ಕಪ್ಪಾಗದ ಹೊಳೆಯುವ ತಾಮ್ರ ಸಿಗುವ ತನಕ ತಂತಿ ಕತ್ತರಿಸಿ, ಹೊಸ ಪಿನ್ನನ್ನು ಅದಕ್ಕೆ ಒತ್ತಿ ಕೂರಿಸಿ. ತಂತಿ ತಿರುಚಿ ಟೇಪು ಸುತ್ತುವುದು ಬೇಡ. ಬಾಡಿಯ ಅರ್ತ್ ಬೋಲ್ಟನ್ನು ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಮತ್ತೆ ಬಿಗಿ ಮಾಡಿ.

ಗ್ಲೋವ್ ಬಾಕ್ಸ್ ಮುಚ್ಚಬೇಡಿ, ಇನ್ನೂ ಒಂದು ಕೆಲಸ ಇದೆ. ಎಂಜಿನ್ ಚಾಲೂ ಮಾಡಿ, ಗಾಡಿ ಹೊರಗೆ ಬಯಲಲ್ಲಿ ನಿಂತಿರಲಿ, ಬ್ಲೋವರನ್ನು ಕೊನೆಯ ಸ್ಪೀಡಿನಲ್ಲಿ ಕಾಲು ಗಂಟೆ ಬಿಡಿ. ಆಮೇಲೆ ಆಫ್ ಮಾಡಿ ಕಪ್ಲರಿನ ಮೇಲೆ ಬೆರಳಿಡಿ. ಉಗುರುಬೆಚ್ಚಗಿದ್ದರೆ ಮುಚ್ಚಿ. ಕೈ ಹಿಂದಕ್ಕೆ ತೆಗೆಯುವಷ್ಟು ಬಿಸಿ ಇದ್ದರೆ ಆ ಪಿನ್ನು ಸರಿಯಾಗಿ ಕೂತಿಲ್ಲ, ಮತ್ತೊಮ್ಮೆ ಬಿಚ್ಚಿ ನೋಡಿ.